ಪ್ರಕಟಣೆಯ ಪಟ್ಟಿಯನ್ನು ಇತಿಹಾಸವಾಗಿ ಓದುವುದು: ಬಿ. ಎಸ್. ಮಂಜುನಾಥ್, ಗೇಬರ್ ಫಿಲ್ಟರ್ ಮತ್ತು ಕನ್ನಡ ಲಿಪಿ

1996ರ ಆಗಸ್ಟ್‌ನಲ್ಲಿ ಐಇಇಇಯ ‘ಪಾಮಿ’ ನಿಯತಕಾಲಿಕದಲ್ಲಿ ಒಂದು ಚಿಕ್ಕ ಲೇಖನ ಬಂತು. 837ನೆಯ ಪುಟದಲ್ಲಿ ಶುರುವಾಗಿ 842ಕ್ಕೆ ಮುಗಿಯುವ, ಬರೀ ಆರು ಪುಟದ ಬರಹ. ಬರೆದವರು ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಿ. ಎಸ್. ಮಂಜುನಾಥ್ ಮತ್ತು ಅವರ ವಿದ್ಯಾರ್ಥಿ ವೈ-ಯಿಂಗ್ ಮಾ. ದೊಡ್ಡದೊಂದು ಚಿತ್ರಸಂಗ್ರಹದ ಮುಂದೆ ನಿಂತು ‘ಇದರಂಥದೇ ಇನ್ನೊಂದು ಕೊಡು’ ಎಂದರೆ ಕಂಪ್ಯೂಟರ್ ಹೇಗೆ ಹುಡುಕಬೇಕು ಎಂಬುದು ಅದರ ವಿಷಯ. ಕಂಪ್ಯೂಟರ್ ವಿಷನ್ ಕ್ಷೇತ್ರದಲ್ಲಿ ಸಾವಿರಾರು ಸಲ ಉಲ್ಲೇಖಗೊಂಡ ಬರಹಗಳ ಸಾಲಿಗೆ ಇದು ಸೇರಿದೆ.

ಮಂಜುನಾಥ್ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿ 1985ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದವರು. 1987ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿಸ್ಟಮ್ಸ್ ಸೈನ್ಸ್ ಮತ್ತು ಆಟೊಮೇಷನ್ ವಿಷಯದಲ್ಲಿ ಎಂ.ಇ. ಮುಗಿಸಿದರು. 1991ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಮಾರ್ಗದರ್ಶಕರಾಗಿದ್ದ ರಾಮ ಚೆಲ್ಲಪ್ಪ ಕೂಡ 1977ರಲ್ಲಿ ಅದೇ ವಿಜ್ಞಾನ ಸಂಸ್ಥೆಯಿಂದ ಎಂ.ಇ. ಪಡೆದವರು. ಡಾಕ್ಟರೇಟ್ ಪಡೆದ 1991ರಲ್ಲೇ ಮಂಜುನಾಥ್ ಸಾಂತಾ ಬಾರ್ಬರಾದಲ್ಲಿ ಕೆಲಸಕ್ಕೆ ಸೇರಿದರು. ಜೀವನಚರಿತ್ರೆಯ ಹೊರಗಿನ ಚೌಕಟ್ಟು ಇಷ್ಟೇ. ಹೀಗೆ ಬೆಂಗಳೂರಿನಿಂದ ಹೋದವರ ವಿವರ ನೂರಾರು ಸಿಗುತ್ತವೆ. ಈ ಲೇಖನಕ್ಕೆ ಬೇಕಾದದ್ದು ಚೌಕಟ್ಟಿನ ಒಳಗಿರುವ ಪಟ್ಟಿ: ಯಾವ ವರ್ಷ ಯಾವ ಬರಹ, ಯಾರ ಜೊತೆ, ಯಾರ ಹೆಸರು ಮುಂದೆ.

ನಮ್ಮಲ್ಲಿ ಈ ಪಟ್ಟಿಯನ್ನು ಓದುವುದಕ್ಕಿಂತ ಎಣಿಸುವುದೇ ರೂಢಿ. 2010ರ ಯುಜಿಸಿ ನಿಯಮಗಳು ಅಧ್ಯಾಪಕರ ಬಡ್ತಿಗೆ ಅಂಕಪಟ್ಟಿಯನ್ನೇ ಕಟ್ಟಿಕೊಟ್ಟವು: ನಿಯತಕಾಲಿಕದ ಬರಹಕ್ಕೆ ಇಷ್ಟು, ಸಮ್ಮೇಳನದ ಬರಹಕ್ಕೆ ಅದಕ್ಕಿಂತ ಕಡಿಮೆ. ಕಂಪ್ಯೂಟರ್ ವಿಷನ್‌ನವರಿಗೆ ಇದು ತಲೆಕೆಳಗಾದ ಲೆಕ್ಕ. 1983ರಲ್ಲಿ ಶುರುವಾದ ಸಿವಿಪಿಆರ್, 1987ರಲ್ಲಿ ಶುರುವಾದ ಐಸಿಸಿವಿ ಎಂಬ ಸಮ್ಮೇಳನಗಳಲ್ಲಿ ಬರಹ ಒಪ್ಪಿಗೆಯಾಗುವುದು ಎಷ್ಟೋ ನಿಯತಕಾಲಿಕಗಳಲ್ಲಿ ಅಚ್ಚಾಗುವುದಕ್ಕಿಂತ ಕಷ್ಟ. ಅಂಕ ಕೊಡುವವರಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಎಣಿಕೆಯಲ್ಲಿ ಕಳೆದುಹೋಗುವ ಇನ್ನೂ ದೊಡ್ಡ ಸಂಗತಿಯೊಂದಿದೆ: ಒಬ್ಬ ಸಂಶೋಧಕ ಹೊಸ ಹೊಸ ವಿಷಯಗಳ ವೇಷದಲ್ಲಿ ಎಷ್ಟು ಸಲ ಅದೇ ಪ್ರಶ್ನೆಗೆ ಮರಳಿದ್ದಾನೆ ಎಂಬುದು. ಮಂಜುನಾಥ್ ಅವರ ಪಟ್ಟಿಯಲ್ಲಿ ಮುಖ, ಬಟ್ಟೆ, ಉಪಗ್ರಹಚಿತ್ರ, ಕಂಪ್ಯೂಟರ್ ವೈರಸ್ ಎಲ್ಲವೂ ಬರುತ್ತವೆ. ಅಂಕಪಟ್ಟಿಗೆ ಅವು ಬೇರೆ ಬೇರೆ ವಿಷಯ. ಕಾಲಾನುಕ್ರಮದಲ್ಲಿ ಓದಿದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಸಾಧನದ ಕಥೆ.

ಗೇಬರ್ ಫಿಲ್ಟರ್

ಆ ಸಾಧನಕ್ಕೆ ಹಂಗೇರಿ ಮೂಲದ ಡೆನಿಸ್ ಗೇಬರ್ ಅವರ ಹೆಸರಿದೆ. ಹಾಲೊಗ್ರಫಿಗಾಗಿ 1971ರಲ್ಲಿ ನೊಬೆಲ್ ಪಡೆದ ಇವರು 1946ರಲ್ಲೇ ಸಂವಹನ ಸಿದ್ಧಾಂತದ ಬಗ್ಗೆ ಬರೆಯುತ್ತ, ಒಂದು ಸಂಕೇತ ‘ಯಾವಾಗ’ ಬಂತು ಮತ್ತು ‘ಯಾವ ಕಂಪನಾಂಕದಲ್ಲಿ’ ಬಂತು ಎಂಬ ಎರಡನ್ನೂ ಏಕಕಾಲಕ್ಕೆ ಪೂರ್ತಿ ನಿಖರವಾಗಿ ಹೇಳಲಾಗದು ಎಂದು ತೋರಿಸಿದರು. ಆ ಅನಿಶ್ಚಿತತೆಯನ್ನು ಸಾಧ್ಯವಾದಷ್ಟು ಕಡಿಮೆ ಮಾಡುವ ತರಂಗದ ಆಕಾರವನ್ನೂ ಕೊಟ್ಟರು: ಗಂಟೆಯಾಕಾರದ ಏರಿಳಿತದೊಳಗೆ ಸಣ್ಣ ಅಲೆ. ಇತ್ತ ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮಿದುಳಿನಲ್ಲಿ ನಿರ್ದಿಷ್ಟ ದಿಕ್ಕಿನ ಗೆರೆಗೆ ಮಾತ್ರ ಸ್ಪಂದಿಸುವ ಕೋಶಗಳನ್ನು ಕಂಡಿದ್ದರು. 1980ರ ದಶಕದಲ್ಲಿ ಜಾನ್ ಡಾಗ್‌ಮನ್ ಎರಡನ್ನೂ ಜೋಡಿಸಿದರು. ಗೇಬರ್ ಅಲೆಯನ್ನು ಉದ್ದ-ಅಗಲಗಳೆರಡರಲ್ಲೂ ಹರಡಿದರೆ ಆ ಕೋಶಗಳ ನಡವಳಿಕೆಗೆ ಬಹಳ ಹತ್ತಿರದ ಗಣಿತ ಸಿಗುತ್ತದೆ ಎಂದರು. ಮುಂದೆ ಕಣ್ಣಿನ ಐರಿಸ್ ನೋಡಿ ಗುರುತು ಹಿಡಿಯುವ ತಮ್ಮ ವಿಧಾನಕ್ಕೂ ಅದನ್ನೇ ಬಳಸಿಕೊಂಡರು.

ಮಂಜುನಾಥ್ ಪಟ್ಟಿಯ ಮೊದಲ ಸಾಲುಗಳು ಇಲ್ಲಿಂದಲೇ ಹೊರಡುತ್ತವೆ. 1992ರ ಸಿವಿಪಿಆರ್‌ನಲ್ಲಿ ಚೆಲ್ಲಪ್ಪ ಮತ್ತು ಫಾನ್ ಡೆರ್ ಮಾಲ್ಸ್‌ಬುರ್ಗ್ ಜೊತೆ ಬರೆದ ಮುಖ ಗುರುತಿಸುವಿಕೆಯ ಲೇಖನದಲ್ಲಿ ಮುಖದ ಮೇಲಿನ ಮುಖ್ಯ ಬಿಂದುಗಳನ್ನು ಆಯ್ದುಕೊಳ್ಳಲು ಗೇಬರ್ ಅಲೆಗಳಿವೆ. 1993ರಲ್ಲಿ ಚೆಲ್ಲಪ್ಪ ಅವರೊಂದಿಗೆ ಅಂಚು, ಟೆಕ್ಸ್ಚರ್ (ಮೇಲ್ಮೈಯ ಹೆಣಿಗೆ), ಇಲ್ಲದಿದ್ದರೂ ಕಣ್ಣಿಗೆ ಕಾಣುವ ಭ್ರಮೆಯ ಗೆರೆ ಈ ಮೂರನ್ನೂ ಒಂದೇ ಚೌಕಟ್ಟಿಗೆ ತರುವ ಬರಹ ಬಂತು. ಎರಡರಲ್ಲೂ ಮಂಜುನಾಥ್ ಹೆಸರೇ ಮೊದಲು. ವಿದ್ಯಾರ್ಥಿದೆಸೆಯ ಕೆಲಸ ಇನ್ನೂ ಅಚ್ಚಾಗುತ್ತಿದೆ ಎಂದು ಹೆಸರಿನ ಕ್ರಮವೇ ಹೇಳುತ್ತದೆ.

1996ರ ಆರು ಪುಟಗಳಿಗೆ ಬರೋಣ. ಪ್ರಯೋಗಕ್ಕೆ ಆಯ್ದುಕೊಂಡದ್ದು ಛಾಯಾಗ್ರಾಹಕ ಫಿಲ್ ಬ್ರೊಡಾಟ್ಜ್ 1966ರಲ್ಲಿ ಕಲಾವಿದರಿಗೆಂದು ಹೊರತಂದ ಟೆಕ್ಸ್ಚರ್ ಆಲ್ಬಂ. ಇಟ್ಟಿಗೆ ಗೋಡೆ, ಮರದ ತೊಗಟೆ, ನೇಯ್ದ ಚಾಪೆ, ಕಡಲತಡಿಯ ಮರಳು, ಹುಲ್ಲು ಹೀಗೆ ಕಪ್ಪು-ಬಿಳುಪು ಫೋಟೊಗಳ ಸಂಗ್ರಹ. ಮಂಜುನಾಥ್ ಮತ್ತು ಮಾ 116 ಬಗೆಯ ಟೆಕ್ಸ್ಚರ್‌ಗಳನ್ನು ತೆಗೆದುಕೊಂಡು ಒಂದೊಂದು ಚಿತ್ರವನ್ನೂ 16 ತುಂಡು ಮಾಡಿದರು. ಒಟ್ಟು 1,856 ತುಂಡು. ಪ್ರತಿಯೊಂದೂ ಉದ್ದಕ್ಕೆ 128, ಅಗಲಕ್ಕೆ 128 ಚುಕ್ಕೆ. ಒಂದು ತುಂಡನ್ನು ತೋರಿಸಿದರೆ ಅದೇ ಚಿತ್ರದಿಂದ ಕತ್ತರಿಸಿದ ಉಳಿದ 15 ತುಂಡುಗಳನ್ನು ಯಂತ್ರ ಹುಡುಕಿಕೊಡಬೇಕು, ಅದೇ ಪರೀಕ್ಷೆ.

ಇಲ್ಲಿ ಫಿಲ್ಟರ್ ಮಾಡುವುದು ರಾಗಿ ಹಸನು ಮಾಡುವಾಗ ಬೇರೆ ಬೇರೆ ಕಣ್ಣಿನ ಜರಡಿ ಹಿಡಿಯುವಂಥ ಕೆಲಸ, ಜೊತೆಗೆ ಜರಡಿಗೆ ದಿಕ್ಕೂ ಉಂಟು. ನಾಲ್ಕು ಗಾತ್ರ, ಒಂದೊಂದಕ್ಕೂ ಆರು ದಿಕ್ಕು. ಒಟ್ಟು 24 ಫಿಲ್ಟರ್. ಪ್ರತಿ ಫಿಲ್ಟರ್ ಚಿತ್ರದ ಮೇಲೆ ಹಾದುಹೋದಾಗ ಸಿಗುವ ಪ್ರತಿಕ್ರಿಯೆಯ ಸರಾಸರಿ ಒಂದು ಸಂಖ್ಯೆ, ಏರುಪೇರು ಇನ್ನೊಂದು ಸಂಖ್ಯೆ. ಅಲ್ಲಿಗೆ 16,384 ಚುಕ್ಕೆಗಳ ತುಂಡು 48 ಸಂಖ್ಯೆಗೆ ಇಳಿಯಿತು. ಇಷ್ಟರಿಂದಲೇ ಸುಮಾರು ನೂರಕ್ಕೆ 74ರಷ್ಟು ಸರಿಯಾದ ತುಂಡುಗಳು ಮರಳಿ ಸಿಕ್ಕವು. ಪೈಪೋಟಿಗಿದ್ದ ಇನ್ನೊಂದು ವಿಧಾನ 73ರ ಹತ್ತಿರ, ವೇವ್ಲೆಟ್ ಆಧಾರಿತ ಎರಡು ವಿಧಾನಗಳು 69ರ ಆಸುಪಾಸು. ಹತ್ತಿರದ ಪೈಪೋಟಿಯ ಎದುರು ಗೆಲುವಿನ ಅಂತರ ದೊಡ್ಡದೇನಲ್ಲ. ಹಾಗಿದ್ದರೂ ಜನ ಇದನ್ನೇ ಹಿಡಿದುಕೊಂಡರು. ನನ್ನ ಅಂದಾಜಿನಲ್ಲಿ ಕಾರಣ ಅಂಕಿಯಲ್ಲಿಲ್ಲ. ಫಿಲ್ಟರ್‌ಗಳು ಒಂದರ ಮೇಲೊಂದು ಬೀಳದಂತೆ ಕಂಪನಾಂಕದ ಬಯಲನ್ನು ಹೇಗೆ ಹಂಚಿಕೊಳ್ಳಬೇಕೆಂದು ಲೇಖನ ಸೂತ್ರಸಮೇತ ಬಿಡಿಸಿಟ್ಟಿತ್ತು. ಓದಿದ ಯಾವ ವಿದ್ಯಾರ್ಥಿಯೂ ಮಾರನೆಯ ದಿನವೇ ಕೂತು ಪ್ರೋಗ್ರಾಂ ಬರೆಯಬಹುದಿತ್ತು. ಉಲ್ಲೇಖದ ಸಂಖ್ಯೆ ಬೆಳೆಯುವುದು ಬಹಳ ಸಲ ಹೀಗೆ, ಇನ್ನೊಬ್ಬರ ಕೈಗೆ ಸಲೀಸಾಗಿ ಒಗ್ಗುವುದರಿಂದ.

ಸಂದರ್ಭವೂ ಒದಗಿಬಂತು. 1994ರಲ್ಲಿ ಅಮೆರಿಕ ಸರ್ಕಾರ ಡಿಜಿಟಲ್ ಗ್ರಂಥಾಲಯಗಳಿಗಾಗಿ ಆರು ಯೋಜನೆಗಳಿಗೆ ಹಣ ಕೊಟ್ಟಿತು. ಅವುಗಳಲ್ಲೊಂದು ಸಾಂತಾ ಬಾರ್ಬರಾದ ಅಲೆಕ್ಸಾಂಡ್ರಿಯಾ, ನಕ್ಷೆ ಮತ್ತು ವೈಮಾನಿಕ ಚಿತ್ರಗಳ ಭಂಡಾರ. ಆಕಾಶದಿಂದ ತೆಗೆದ ಫೋಟೊದಲ್ಲಿ ತೋಟ, ವಾಹನ ನಿಲುಗಡೆ, ಹೆದ್ದಾರಿ ಹುಡುಕಲು ಟೆಕ್ಸ್ಚರ್‌ನಂಥ ಸುಳಿವು ಇನ್ನೊಂದಿಲ್ಲ.

ಗ್ರಂಥಾಲಯದ ಕಪಾಟಿನ ಮುಂದೆ ನಿಂತವರಿಗೆ ಮಾತ್ರ ಹೊಳೆಯುವ ಕಾಕತಾಳೀಯವೊಂದಿದೆ. 1995ರಿಂದ 1998ರವರೆಗೆ ‘ಪಾಮಿ’ಯ ಪ್ರಧಾನ ಸಂಪಾದಕರು ರಂಗಾಚಾರ್ ಕಸ್ತೂರಿ. ಇವರೂ ಬೆಂಗಳೂರು ವಿಶ್ವವಿದ್ಯಾಲಯದವರೇ, 1968ರ ಎಲೆಕ್ಟ್ರಿಕಲ್ ಪದವೀಧರರು. ಟೆಕ್ಸಾಸ್ ಟೆಕ್‌ನಲ್ಲಿ 1982ರಲ್ಲಿ ಡಾಕ್ಟರೇಟ್ ಮುಗಿಸಿ ಪೆನ್ ಸ್ಟೇಟ್‌ನಲ್ಲಿ ಪಾಠ ಮಾಡಿದವರು. ನಕ್ಷೆಯಲ್ಲೋ ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲೋ ಗೆರೆಗಳ ನಡುವೆ ಸಿಕ್ಕಿಕೊಂಡ ಅಕ್ಷರಗಳನ್ನು ಬಿಡಿಸಿ ತೆಗೆಯುವ ಬಗ್ಗೆ 1988ರಲ್ಲಿ ಫ್ಲೆಚರ್ ಜೊತೆ ಇವರು ಬರೆದ ಲೇಖನ ದಸ್ತಾವೇಜು ವಿಶ್ಲೇಷಣೆಯ ಆರಂಭದ ಮೈಲಿಗಲ್ಲುಗಳಲ್ಲೊಂದು. 2008ರಲ್ಲಿ ಐಇಇಇ ಕಂಪ್ಯೂಟರ್ ಸೊಸೈಟಿಯ ಅಧ್ಯಕ್ಷರೂ ಆದರು. ಹೀಗೆ ಬೆಂಗಳೂರಿನ ಒಂದೇ ವಿಶ್ವವಿದ್ಯಾಲಯದಿಂದ 17 ವರ್ಷಗಳ ಅಂತರದಲ್ಲಿ ಹೊರಟ ಇಬ್ಬರು ಒಂದೇ ಸಂಚಿಕೆಯಲ್ಲಿ, ಒಬ್ಬರು ಲೇಖಕರಾಗಿ, ಇನ್ನೊಬ್ಬರು ಸಂಪಾದಕರಾಗಿ ಸಿಗುತ್ತಾರೆ. ಇದಕ್ಕಿಂತ ಹೆಚ್ಚಿನ ಅರ್ಥ ಹಚ್ಚಬೇಕಿಲ್ಲ.

1996ರ ಬಳಿಕ ಮಂಜುನಾಥ್ ಹೆಸರು ಲೇಖಕರ ಸಾಲಿನ ಕೊನೆಗೆ ಸರಿಯತೊಡಗುತ್ತದೆ. ಎಂಜಿನಿಯರಿಂಗ್‌ನಲ್ಲಿ ಮೊದಲ ಹೆಸರು ಕೆಲಸ ಮಾಡಿದ ವಿದ್ಯಾರ್ಥಿಯದು, ಕೊನೆಯದು ಪ್ರಯೋಗಾಲಯ ನಡೆಸುವ ಪ್ರಾಧ್ಯಾಪಕರದು. 2001ರ ಆಗಸ್ಟ್‌ನಲ್ಲಿ ಬಣ್ಣ ಮತ್ತು ಟೆಕ್ಸ್ಚರ್ ನೋಡಿ ಚಿತ್ರವನ್ನು ತಾನಾಗಿ ಭಾಗಭಾಗವಾಗಿ ಬಿಡಿಸುವ ‘ಜೆಸೆಗ್’ ವಿಧಾನ ‘ಪಾಮಿ’ಯಲ್ಲಿ ಬಂದಾಗ ಯಿನಿಂಗ್ ಡೆಂಗ್ ಮುಂದೆ, ಮಂಜುನಾಥ್ ಹಿಂದೆ. ಅದೇ ವರ್ಷದ ಎಂಪೆಗ್-7 ಬರಹದಲ್ಲಿ ಓಮ್, ವಾಸುದೇವನ್, ಯಮಡಾ ಇದ್ದರೂ ಮಂಜುನಾಥ್ ಹೆಸರೇ ಮೊದಲು. ಅದು ಪ್ರಯೋಗಾಲಯದ ಲೇಖನವಲ್ಲ, ಚಿತ್ರ, ವಿಡಿಯೊಗಳನ್ನು ಹುಡುಕಲು ಅನುವಾಗುವಂತೆ ಹಲವು ಸಂಸ್ಥೆಗಳು ಕೂತು ಒಪ್ಪಿದ ಮಾನದಂಡದ ವಿವರಣೆ. ಆ ಮಾನದಂಡದ ಟೆಕ್ಸ್ಚರ್ ವಿವರಣೆಯಲ್ಲಿ ಆರು ದಿಕ್ಕು ಹಾಗೇ ಉಳಿದವು, ಗಾತ್ರ ಐದಾಯಿತು. 30 ಫಿಲ್ಟರ್‌ಗಳಿಗೆ ಎರಡೆರಡು ಸಂಖ್ಯೆ, ಚಿತ್ರದ ಒಟ್ಟು ಸರಾಸರಿ ಮತ್ತು ಏರುಪೇರು ಸೇರಿ 62. ಆರು ಪುಟದ ಪ್ರಯೋಗ ಐದಾರು ವರ್ಷದಲ್ಲಿ ಅಂತರರಾಷ್ಟ್ರೀಯ ನಿಯಮವಾಯಿತು. 2002ರಲ್ಲಿ ಸಾಲೆಂಬಿಯೆ ಮತ್ತು ಸಿಕೋರಾ ಜೊತೆ ಎಂಪೆಗ್-7 ಕುರಿತ ಪರಿಚಯ ಗ್ರಂಥವನ್ನೂ ಸಂಪಾದಿಸಿದರು. ಆದರೆ ಎಂಪೆಗ್-2, ಎಂಪೆಗ್-4ರಂತೆ ಎಂಪೆಗ್-7 ಮನೆಮನೆಗೆ ಹೋಗಲಿಲ್ಲ. ಚಿತ್ರ ಹುಡುಕುವ ಕಂಪನಿಗಳು ತಮ್ಮ ತಮ್ಮ ದಾರಿ ಹಿಡಿದವು. ಉಲ್ಲೇಖದ ಅಂಕಿ ಈ ಸೋಲನ್ನು ತೋರಿಸುವುದಿಲ್ಲ.

ಪಟ್ಟಿಯಲ್ಲಿ ಚಿತ್ರದೊಳಗೆ ಗುಟ್ಟು ಬಚ್ಚಿಡುವ ವಿದ್ಯೆ, ಜೀವಶಾಸ್ತ್ರದ ಚಿತ್ರಗಳಿಗೆಂದೇ ಕಟ್ಟಿದ ‘ಬಿಸ್ಕ್’ ವ್ಯವಸ್ಥೆ ಮೊದಲಾದ ಬೇರೆ ಕವಲುಗಳೂ ಇವೆ. ಅವನ್ನು ಇಲ್ಲಿ ಬಿಡುತ್ತೇನೆ. 2011ರದ್ದನ್ನು ಬಿಡಲಾಗದು. ಲಕ್ಷ್ಮಣನ್ ನಟರಾಜ್ ಮೊದಲ ಲೇಖಕರಾಗಿ ನಾಲ್ವರು ಬರೆದ ಆ ಲೇಖನ ಕಂಪ್ಯೂಟರ್ ವೈರಸ್‌ಗಳನ್ನು ಚಿತ್ರವಾಗಿ ನೋಡಿತು. ಪ್ರೋಗ್ರಾಂನ ಒಂದೊಂದು ಬೈಟನ್ನೂ 0ಯಿಂದ 255ರವರೆಗಿನ ಬೂದು ಬಣ್ಣದ ಚುಕ್ಕೆ ಎಂದು ಭಾವಿಸಿ ಸಾಲಾಗಿ ಜೋಡಿಸಿದರೆ ಒಂದು ಚಿತ್ರ ಮೂಡುತ್ತದೆ, ಒಂದೇ ಕುಲದ ವೈರಸ್‌ಗಳ ಚಿತ್ರಗಳು ಒಂದರಂತೊಂದು ಇರುತ್ತವೆ. 25 ಕುಲಗಳ 9,458 ಮಾದರಿಗಳಲ್ಲಿ ನೂರಕ್ಕೆ 98ನ್ನು ಸರಿಯಾಗಿ ವಿಂಗಡಿಸಿದರು. ಬಳಸಿದ ‘ಜಿಸ್ಟ್’ ಲಕ್ಷಣಗಳು ಬೇರೆಯವರು ರೂಪಿಸಿದ್ದು, ಆದರೆ ಅವುಗಳ ಒಳಗಿರುವುದು ಮತ್ತೆ ನಾನಾ ಗಾತ್ರ, ನಾನಾ ದಿಕ್ಕಿನ ಫಿಲ್ಟರ್‌ಗಳೇ. ಭದ್ರತೆಯ ವಿಷಯವೆಂದು ವಿಂಗಡಿಸಿದ ಸಾಲಿನಲ್ಲಿ 1996ರ ಟೆಕ್ಸ್ಚರ್ ಕೂತಿದೆ.

ಲೋಧಿ ರಸ್ತೆಯ ಫಲಕ, ಲೋಧಿ ರಸ್ತೆಯ ಹಣ

ಗೇಬರ್ ಫಿಲ್ಟರ್ ಕಥೆಯಿಂದ ಕನ್ನಡ ಲಿಪಿಗೆ ಹೊರಳುವ ದಾರಿ ದಿಲ್ಲಿಯ ಮೂಲಕ ಹಾಯುತ್ತದೆ. ದಿಲ್ಲಿಯ ಲೋಧಿ ಕಾಲೋನಿಗೂ ಈ ಚರಿತ್ರೆಗೂ ಏನು ಸಂಬಂಧ? ಬ್ರಿಟಿಷರು 1940ರ ದಶಕದಲ್ಲಿ ಸರ್ಕಾರಿ ನೌಕರರಿಗಾಗಿ ಕಟ್ಟಿಸಿದ ಎತ್ತರದ ಕಮಾನುಗಳ ಬಡಾವಣೆ ಇದು. ಪೂರ್ವಕ್ಕೆ ಸಿಜಿಒ ಕಾಂಪ್ಲೆಕ್ಸ್, ಅದರೊಳಗೆ ಎಲೆಕ್ಟ್ರಾನಿಕ್ಸ್ ನಿಕೇತನ. ಭಾರತೀಯ ಭಾಷೆಗಳ ತಂತ್ರಜ್ಞಾನಕ್ಕೆಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1990ರ ದಶಕದ ಆರಂಭದಲ್ಲಿ ಶುರುಮಾಡಿದ ಟಿಡಿಐಎಲ್ ಕಾರ್ಯಕ್ರಮದ ಕಡತಗಳು ಓಡಾಡಿದ್ದು ಈ ಕಟ್ಟಡದಲ್ಲಿ. ಕನ್ನಡ ಅಕ್ಷರವನ್ನು ಯಂತ್ರಕ್ಕೆ ಓದಿಸುವ ಕೆಲಸಕ್ಕೆ ಹಣ ಬಂದದ್ದು ಬಹುಪಾಲು ಇಲ್ಲಿಂದ. 2000ದ ಹೊತ್ತಿಗೆ ದೇಶದ ನಾನಾ ಕಡೆ ಭಾಷಾ ಸಂಪನ್ಮೂಲ ಕೇಂದ್ರಗಳಾದವು. ಕನ್ನಡದ ಹೊಣೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂತು. ಆಮೇಲೆ ಐಐಟಿ ದಿಲ್ಲಿಯ ಮುಂದಾಳತ್ವದಲ್ಲಿ ಮುದ್ರಿತ ಲಿಪಿಗಳನ್ನು ಯಂತ್ರಕ್ಕೆ ಓದಿಸುವ ಓಸಿಆರ್ ಒಕ್ಕೂಟ ರೂಪುಗೊಂಡಿತು.

ದಿಲ್ಲಿಯ ರಸ್ತೆ ಫಲಕಗಳಲ್ಲಿ ನಾಲ್ಕು ಲಿಪಿಗಳಿರುತ್ತವೆ: ದೇವನಾಗರಿ, ರೋಮನ್, ಗುರುಮುಖಿ, ಉರ್ದು. ಲೋಧಿ ರಸ್ತೆಯ ಫಲಕವನ್ನು ಯಂತ್ರ ಓದಬೇಕೆಂದರೆ ಯಾವ ಪದ ಯಾವ ಲಿಪಿಯಲ್ಲಿದೆ ಎಂದು ಮೊದಲು ಬೇರ್ಪಡಿಸಬೇಕು. ಗೇಬರ್ ಫಿಲ್ಟರ್ ಇಲ್ಲೂ ಬರುತ್ತದೆ. ದೇವನಾಗರಿಯ ಪದದ ನೆತ್ತಿಯ ಮೇಲೆ ಉದ್ದಕ್ಕೂ ಗೆರೆ ಎಳೆದಿರುವುದರಿಂದ ಅಡ್ಡ ದಿಕ್ಕಿನ ಫಿಲ್ಟರ್ ಜೋರಾಗಿ ಸ್ಪಂದಿಸುತ್ತದೆ. ರೋಮನ್‌ನಲ್ಲಿ ನೆಟ್ಟನೆಯ ಗೆರೆಗಳ ಮೇಲುಗೈ. ಉರ್ದುವಿನ ನಸ್ತಾಲೀಖ್ ಓರೆಯಾಗಿ ಇಳಿಯುತ್ತದೆ. ತೊಡಕು ಗುರುಮುಖಿಯದು, ಅದಕ್ಕೂ ತಲೆಗೆರೆ ಇದೆ. ದೇವನಾಗರಿಯಿಂದ ಅದನ್ನು ಬೇರೆ ಮಾಡಲು ಒಂದು ದಿಕ್ಕಿನ ಉತ್ತರ ಸಾಲದು. ಇನ್ನು ದುಂಡಗಿನ ಕನ್ನಡ ಎಲ್ಲ ದಿಕ್ಕುಗಳಿಗೂ ಸ್ವಲ್ಪ ಸ್ವಲ್ಪ ಹಂಚುತ್ತದೆ. ಅದನ್ನು ದೇವನಾಗರಿಯಿಂದ ಬಿಡಿಸುವುದು ಸುಲಭ, ತೆಲುಗಿನಿಂದ ಬಿಡಿಸುವುದೇ ಪಾಡು. ವಿಜ್ಞಾನ ಸಂಸ್ಥೆಯ ಪೀತಬಾಸ ಪತಿ ಮತ್ತು ಎ. ಜಿ. ರಾಮಕೃಷ್ಣನ್ 2008ರಲ್ಲಿ ‘ಪ್ಯಾಟರ್ನ್ ರೆಕಗ್ನಿಷನ್ ಲೆಟರ್ಸ್’ನಲ್ಲಿ ಹನ್ನೊಂದು ಲಿಪಿಗಳನ್ನು ಪದದ ಮಟ್ಟದಲ್ಲಿ ಬೇರ್ಪಡಿಸಿದ್ದು ಗೇಬರ್ ಮತ್ತು ಡಿಸಿಟಿ ಎಂಬ ಇನ್ನೊಂದು ಗಣಿತ ವಿಧಾನದ ಲಕ್ಷಣಗಳಿಂದಲೇ.

ಕನ್ನಡದ ಪಟ್ಟಿ

ಮುದ್ರಿತ ಕನ್ನಡದ ಯಾಂತ್ರಿಕ ಓದಿನ ಪ್ರಕಟಣೆಗಳನ್ನು ಕಾಲಾನುಕ್ರಮದಲ್ಲಿಟ್ಟರೆ ಮಾನಸಗಂಗೋತ್ರಿ ಬೇಗ ಎದುರಾಗುತ್ತದೆ. ಮೈಸೂರು ವಿಶ್ವವಿದ್ಯಾಲಯದ ಪಿ. ನಾಗಭೂಷಣ್, ರಾಧಿಕಾ ಪೈ ಜೊತೆಗೂಡಿ 1999ರಲ್ಲಿ ಗಾತ್ರ ಒಂದೇ ಸಮನಿಲ್ಲದ ಕನ್ನಡ ಅಕ್ಷರಗಳನ್ನು ಗುರುತಿಸುವ ಪ್ರಯೋಗವನ್ನು ಪ್ರಕಟಿಸಿದರು. 2002ರಲ್ಲಿ ವಿಜ್ಞಾನ ಸಂಸ್ಥೆಯಿಂದ ಎರಡು ಬಂದವು: ‘ಸಾಧನಾ’ ಪತ್ರಿಕೆಯಲ್ಲಿ ಟಿ. ವಿ. ಅಶ್ವಿನ್ ಮತ್ತು ಪಿ. ಎಸ್. ಶಾಸ್ತ್ರಿ ಅವರದು, ದಸ್ತಾವೇಜು ವಿಶ್ಲೇಷಣೆಯ ಸಮ್ಮೇಳನದಲ್ಲಿ ಬಿ. ವಿಜಯಕುಮಾರ್ ಮತ್ತು ರಾಮಕೃಷ್ಣನ್ ಅವರದು. ಭಾರತದ್ದೇ ಆದ ವಿಷನ್ ಸಮ್ಮೇಳನ ಐಸಿವಿಜಿಐಪಿ 1998ರಲ್ಲಿ ದಿಲ್ಲಿಯಲ್ಲಿ ಹುಟ್ಟಿ, 2000ದಲ್ಲಿ ಬೆಂಗಳೂರಿಗೆ ಬಂದ ಕಾಲವದು.

ಅಶ್ವಿನ್-ಶಾಸ್ತ್ರಿ ಲೇಖನ ಇಷ್ಟವಾಗುವುದು ಅದು ಲಿಪಿಯ ಮೈಕಟ್ಟನ್ನು ನೋಡಿ ಉಪಾಯ ಹೂಡಿದ್ದಕ್ಕೆ. ಅಕ್ಷರದ ಚಿತ್ರವನ್ನು ಚೌಕಗಳಾಗಿ ಕೊಯ್ಯುವ ಬದಲು ಒಂದರೊಳಗೊಂದು ಬಳೆಗಳಾಗಿ, ಬಳೆಗಳನ್ನು ಮತ್ತೆ ಹೋಳುಗಳಾಗಿ ಮಾಡಿ, ಪ್ರತಿ ಹೋಳಿನಲ್ಲಿ ಎಷ್ಟು ಕಪ್ಪು ಚುಕ್ಕೆ ಇವೆ ಎಂದು ಲೆಕ್ಕ ಹಾಕಿದರು. ದುಂಡಗಿನ ಅಕ್ಷರಕ್ಕೆ ದುಂಡಗಿನ ಅಳತೆ. ಆದರೂ ಕನ್ನಡದ ನಿಜವಾದ ಕಗ್ಗಂಟು ಆಕಾರದಲ್ಲಿಲ್ಲ, ಜೋಡಣೆಯಲ್ಲಿದೆ. ‘ಕರ್ನಾಟಕ’ ಎಂಬ ಪದವನ್ನೇ ನೋಡಿ. ನಾಲಿಗೆಯಲ್ಲಿ ‘ರ್’ ಮೊದಲು, ‘ನಾ’ ಆಮೇಲೆ. ಅಚ್ಚಿನಲ್ಲಿ ‘ನಾ’ ಮೊದಲು ಬಂದು ಅರ್ಕಾವೊತ್ತು ಅದರ ಬಲಕ್ಕೆ ಕೂರುತ್ತದೆ. ಎಡದಿಂದ ಬಲಕ್ಕೆ ಓದುತ್ತ ಹೋಗುವ ಯಂತ್ರ ಕಂಡದ್ದನ್ನು ಕಂಡಂತೆ ಬರೆದರೆ ತಪ್ಪುತ್ತದೆ, ಯುನಿಕೋಡ್‌ಗೆ ಇಳಿಸುವಾಗ ಹಿಂದೆಮುಂದೆ ಮಾಡಲೇಬೇಕು. ‘ರಾಷ್ಟ್ರ’ದಲ್ಲಿ ಒತ್ತಿನ ಮೇಲೆ ಒತ್ತು ಸೇರಿ ಕೆಳಗಿನ ಸಾಲಿನ ನೆತ್ತಿ ಮುಟ್ಟುತ್ತದೆ, ಸಾಲುಗಳನ್ನು ಬೇರ್ಪಡಿಸುವ ಹಂತದಲ್ಲೇ ಎಡವಟ್ಟು ಶುರು. ಇದನ್ನೆಲ್ಲ ಬಗೆಹರಿಸಿದವರ ದುಡಿಮೆ ಹೊರಗಿನ ಓದುಗರಿಗೆ ಕೈಗೆಟಕುವಂಥದ್ದಲ್ಲ. ಟೋಕಿಯೊದ ವಿದ್ಯಾರ್ಥಿಗೆ 48 ಸಂಖ್ಯೆ ಬೇಕು, ಅರ್ಕಾವೊತ್ತು ಬೇಡ. ಉಲ್ಲೇಖದಲ್ಲಿ ಮಂಜುನಾಥ್ ಪಟ್ಟಿಗೂ ಕನ್ನಡದ ಪಟ್ಟಿಗೂ ನಡುವೆ ಅಷ್ಟು ಅಂತರ ಬೀಳುವುದಕ್ಕೆ ಪ್ರತಿಭೆಯ ಹೆಚ್ಚುಕಡಿಮೆ ಹುಡುಕುವ ಅಗತ್ಯವಿಲ್ಲ. ಪ್ರಶ್ನೆ ಎಷ್ಟು ಜನರದು ಎಂಬುದೇ ಸಾಕು.

2009ರಲ್ಲಿ ಬೆಂಗಳೂರಿನ ಮೈಕ್ರೊಸಾಫ್ಟ್ ರಿಸರ್ಚ್‌ನ ಮಾನಿಕ್ ವರ್ಮಾ, ಡಿ ಕಾಂಪೊಸ್, ರಾಕೇಶ್ ಬಾಬು ಮಾಡಿದ ಕೆಲಸ ಈ ಮಾತಿಗೆ ಸಾಕ್ಷಿ. ಬೆಂಗಳೂರಿನ ಬೀದಿಗಳಲ್ಲಿ ಅಂಗಡಿ ಬೋರ್ಡು, ಜಾಹೀರಾತು ಫಲಕಗಳ 1,922 ಫೋಟೊ ತೆಗೆದು ಅದರಲ್ಲಿನ ಇಂಗ್ಲಿಷ್ ಮತ್ತು ಕನ್ನಡ ಅಕ್ಷರಗಳನ್ನು ಬಿಡಿಸಿಟ್ಟರು. ‘ಚಾರ್ಸ್74ಕೆ’ ಎಂಬ ಆ ಸಂಗ್ರಹ ಜಗತ್ತಿನಾದ್ಯಂತ ಬಳಕೆಗೆ ಬಂತು. ಹಾಗೆ ಬಂದದ್ದು ಹೆಚ್ಚಾಗಿ ಇಂಗ್ಲಿಷ್ ಭಾಗ. ಅದೇ ಬೀದಿ, ಅದೇ ಕ್ಯಾಮೆರಾ, ಅದೇ ಲೇಖನ.

2012ರ ನಂತರ ಗೇಬರ್ ಫಿಲ್ಟರನ್ನು ಕೈಯಾರೆ ರೂಪಿಸುವವರು ವಿರಳರಾದರು. ಆ ವರ್ಷ ಹೆಸರು ಮಾಡಿದ ಕೃತಕ ನರಜಾಲ ಅಲೆಕ್ಸ್‌ನೆಟ್‌ನಲ್ಲಿ ಲಕ್ಷಣಗಳನ್ನು ಯಂತ್ರವೇ ಕಲಿಯುತ್ತದೆ. ಅದರ ಮೊದಲ ಪದರದ 96 ಫಿಲ್ಟರ್‌ಗಳನ್ನು ಚಿತ್ರವಾಗಿ ಅಚ್ಚು ಹಾಕಿದಾಗ ಬಹಳಷ್ಟು ಒಂದೊಂದು ದಿಕ್ಕಿಗೆ ವಾಲಿದ ಅಲೆಗಳಾಗಿದ್ದವು, ನೋಡಲು ಗೇಬರ್‌ನದೇ ರೂಪ. ಯಾರೂ ಹೇಳಿಕೊಡದೆ ಯಂತ್ರ ಅಲ್ಲಿಗೆ ಬಂದಿತ್ತು. ಆದರೆ ಹೀಗೆ ಕಲಿಯಲು ರಾಶಿ ಉದಾಹರಣೆ ಬೇಕು, ಕನ್ನಡಕ್ಕೆ ಆ ರಾಶಿ ಇರಲಿಲ್ಲ.

ಎಚ್. ಆರ್. ಶಿವಕುಮಾರ್ ಮತ್ತು ರಾಮಕೃಷ್ಣನ್ 2019ರಲ್ಲಿ ಹೊರತಂದ ‘ಲಿಪಿ ಜ್ಞಾನಿ’ ಎಂಬ ಕನ್ನಡ ಓಸಿಆರನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1970ರಿಂದ 2002ರ ನಡುವೆ ಅಚ್ಚಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳಿಂದ ಅದನ್ನು ಕಟ್ಟಿದರು. ಅವುಗಳಲ್ಲಿ ಹಳಗನ್ನಡವೂ ಇತ್ತು, ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಶ್ಲೋಕಗಳೂ ಇದ್ದವು. ನಿಘಂಟಿನ ಆಸರೆ ಕೊಡಲಿಲ್ಲ. ಕನ್ನಡ ಪುಟಗಳಲ್ಲಿ ಗೂಗಲ್‌ನ ಟೆಸರಾಕ್ಟ್‌ಗಿಂತ ಪದಮಟ್ಟದ ನಿಖರತೆ ನೂರಕ್ಕೆ 4ರಷ್ಟು ಹೆಚ್ಚು ಬಂತು, ತುಳು ಮತ್ತು ಸಂಸ್ಕೃತದಲ್ಲಿ 8, ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿಯಲ್ಲಿ 25. ಕನ್ನಡ ಪದಗಳ ಪರಿಚಯವನ್ನೇ ನೆಚ್ಚಿಕೊಂಡ ಯಂತ್ರ ಕೊಂಕಣಿ ಪುಟದ ಮುಂದೆ ತಡವರಿಸುವುದು ಸಹಜ ಎಂದು ಊಹಿಸಬಹುದು. ಅಕ್ಷರವನ್ನಷ್ಟೇ ನೋಡಲು ಕಲಿತ ಲಿಪಿ ಜ್ಞಾನಿಗೆ ಪುಟ ಯಾವ ಭಾಷೆಯದಾದರೂ ಒಂದೇ. ಮಂಗಳೂರು, ಕಾಸರಗೋಡಿನ ಕಡೆಯ ಹಳೆಯ ಕೊಂಕಣಿ ಮತ್ತು ತುಳು ಪುಸ್ತಕಗಳನ್ನು ಸ್ಕ್ಯಾನ್ ಮಾಡಿಟ್ಟುಕೊಂಡವರಿಗೆ ಇಡೀ ಪಟ್ಟಿಯಲ್ಲಿ ಕೆಲಸಕ್ಕೆ ಬರುವುದು ಆ ಕೊನೆಯ 25.